ನೆಲ ಕೆದಕಿದ ಬೂದು ಗಿಣಿ

ಗಿಣಿ ನಮ್ಮ ಮನೆಯಲ್ಲೇ ಉಳಿಯಿತು! ಮೊದಲು ಇದನ್ನು ಹೇಳಿಬಿಡುತ್ತೇನೆ, ಹಿಂದುಮುಂದು ಆಮೇಲೆ. ಅದಕ್ಕೆ ಕಾಯಿಲೆ ಇರಲಿಲ್ಲ, ಹುಚ್ಚು ಇರಲಿಲ್ಲ, ಅದರ ಮೈಮೇಲೆ ಯಾವ ದೇವರೂ ಬಂದಿರಲಿಲ್ಲ. ದೇವರುಗಳಿಗೆ ಬೇರೆ ಕೆಲಸವಿತ್ತು ಅಂತ ಕಾಣುತ್ತದೆ. ಆ ಭಾನುವಾರ ಸಂಜೆ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಬೀದಿಯ ಎಲ್ಲ ಬಾಗಿಲುಗಳಿಗೂ ಹೋಗಿ "ಉಳೀತು ಕಣ್ರಮ್ಮಾ, ನಮ್ಮನೇಲೇ ಉಳೀತು" ಎಂದು ಕೂಗಿ ಬಂದೆ. ಕೊನೆಯ ಮನೆಯಾಕೆ ನನ್ನ ಸೊಸೆ ಹೆತ್ತಳೆಂದೇ ತಿಳಿದುಕೊಂಡು, "ಗಂಡೋ ಹೆಣ್ಣೋ?" ಎಂದು ಕೇಳಿದಳು.

"ಅದು ಯಾರಿಗೂ ಗೊತ್ತಿಲ್ಲ ಕಣಮ್ಮ" ಎಂದೆ. "ಗಿಣಿ."

ಈಗಲೂ ಅವತ್ತಿನದು ನೆನೆದರೆ ಎದೆ ಉಬ್ಬಿ ಬರುತ್ತದೆ. ಬರೆಯಲು ಕುಳಿತರೆ ಕೈ ಮುಂದೆ ಓಡುತ್ತದೆ, ಅಕ್ಷರ ಹಿಂದೆ ಉಳಿಯುತ್ತದೆ. ನಾನು ಓದಿದ್ದು ಎರಡನೇ ಕ್ಲಾಸು. ಮೂರನೆಯದಕ್ಕೆ ಕಾಲಿಡುವಷ್ಟರಲ್ಲಿ ಮೇಷ್ಟರಿಗಿಂತ ನಮ್ಮ ಮನೆಯ ಎಮ್ಮೆಗೆ ನನ್ನ ಅವಶ್ಯಕತೆ ಹೆಚ್ಚಾಯಿತು. ಆದ್ದರಿಂದ ತಪ್ಪಿದ್ದರೆ ಎಮ್ಮೆಯನ್ನು ಬಯ್ಯಿರಿ.

ಎಪ್ಪತ್ತರ ದಶಕ ಅದು. ವಿಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಗೋವಿಂದರಾಜನಗರದ ಕಡೆಯಿಂದ ಯಾರಾದರೂ ಸೈಕಲ್ಲಿನಲ್ಲಿ ಬಂದರೆ ಅವರ ಮುಖಕ್ಕಿಂತ ಮೊದಲು ಧೂಳು ಬರುತ್ತಿತ್ತು. ನಮ್ಮ ಮನೆಯಲ್ಲಿ ನಾನು, ಮಿಲ್ಲಿನಿಂದ ರಿಟೈರಾಗಿದ್ದ ನಮ್ಮ ಯಜಮಾನರು, ಫ್ಯಾಕ್ಟರಿಗೆ ಹೋಗುವ ಮಗ, ಸೊಸೆ, ಮೂರನೇ ಕ್ಲಾಸಿನ ಮೊಮ್ಮಗಳು ಇದ್ದೆವು. ಅಂದರೆ ಆ ಮನೆಯಲ್ಲಿ ಅವಳು ನನಗಿಂತ ಒಂದು ಕ್ಲಾಸು ಹೆಚ್ಚು ಓದಿದವಳು. ಅದನ್ನು ಆಗಾಗ ನೆನಪಿಸುತ್ತಲೂ ಇದ್ದಳು.

ಸೊಸೆಯ ಅಣ್ಣ ಆಫ್ರಿಕಾದಲ್ಲಿ ಮೇಷ್ಟರಾಗಿದ್ದ. ರಜಕ್ಕೆ ಬಂದವನು ತಂಗಿಯ ಮಗಳಿಗೆಂದು ಒಂದು ಪಂಜರ ತಂದ. ಮೇಲಿನ ಬಟ್ಟೆ ತೆಗೆದಾಗ ನಾವೆಲ್ಲ ಹಸಿರು ಗಿಣಿ ಕಾಣುತ್ತದೆ ಎಂದು ಬಗ್ಗಿದೆವು. ಒಳಗಿದ್ದದ್ದು ಒಲೆಯ ಬೂದಿಯಲ್ಲಿ ಹೊರಳಿ ಎದ್ದು ಬಂದ ಹಾಗಿತ್ತು. ಬಾಲ ಮಾತ್ರ ಕೆಂಪು.

ಯಜಮಾನರು ಕನ್ನಡಕ ಸರಿಮಾಡಿಕೊಂಡು, "ಬಾಲಕ್ಕೆ ಹಚ್ಚೋ ಹೊತ್ಗೇ ಪೇಂಟೆಲ್ಲ ಮುಗ್ದೋಯ್ತೇನಪ್ಪಾ?" ಎಂದರು.

"ಆ ಜಾತಿಯೇ ಹಂಗೆ ಮಾವ. ಇನ್ನೂ ಮರಿ ಇದು. ಕಣ್ಣು ನೋಡಿ, ಕಪ್ಪಗಿದೆ. ದೊಡ್ಡದಾದ್ಮೇಲೆ ಹಳದಿ ಆಗುತ್ತೆ. ಆಮೇಲೆ ಮನುಷ್ಯರ ತರ ಮಾತಾಡುತ್ತೆ."

ಯಜಮಾನರು ಮಾತಾಡಿಸೋಣವೆಂದು ಮೀಸೆಯ ಸಮೇತ ಮುಖವನ್ನು ಪಂಜರಕ್ಕೆ ಒತ್ತಿದರು. ಅದು ಮೂಲೆಗೆ ಮುದುರಿಕೊಂಡು 'ಗುರ್ರ್' ಎಂದು ನಾಯಿಯ ಹಾಗೆ ಗುರುಗುಟ್ಟಿತು. ಅವರು ಹಿಂದಕ್ಕೆ ಜಿಗಿದು, "ನಾಯಿಗೆ ರೆಕ್ಕೆ ಅಂಟ್ಸಿ ಮಾರ್ಬಿಟ್ಟವ್ರೆ ಕಣೋ ನಿಂಗೆ" ಎಂದರು. ಹಾರಿಹೋಗದಿರಲಿ ಎಂದು ಆ ರೆಕ್ಕೆಯ ತುದಿಯನ್ನು ಮೊದಲೇ ಕತ್ತರಿಸಿದ್ದರು. ಸೊಸೆಯ ಅಣ್ಣ ರಜ ಮುಗಿಸಿ ಆಫ್ರಿಕಾಕ್ಕೆ ಹೊರಟುಹೋದ. ಗಿಣಿ ಉಳಿಯಿತು, ಅದನ್ನು ಸಾಕುವುದು ಹೇಗೆಂದು ಹೇಳುವವರು ಯಾರೂ ಉಳಿಯಲಿಲ್ಲ.

ಕೆಲವು ವಾರ ಚೆನ್ನಾಗಿತ್ತು. ಮೊಮ್ಮಗಳ ಹೆಗಲ ಮೇಲೆ ಕುಳಿತು ಅವಳ ಜಡೆಯ ರಿಬ್ಬನ್ ಕಚ್ಚುತ್ತಿತ್ತು. ಕಡಲೆಕಾಯಿಯನ್ನು ಕೈಯಲ್ಲಿ ಹಿಡಿದವರಂತೆ ಕಾಲಲ್ಲಿ ಹಿಡಿದು ತಿನ್ನುತ್ತಿತ್ತು. ಆಮೇಲೊಂದು ದಿನ ಮೇಲಿನ ಕೋಲಿನಿಂದ ಇಳಿದು, ಪಂಜರದ ತಳದ ಮೂಲೆಗೆ ಹೋಗಿ, ತಲೆಯನ್ನು ಮೂಲೆಗೆ ತುರುಕಿ, ಎರಡೂ ಕಾಲಿನಿಂದ ಕೆದಕಲು ಶುರುಮಾಡಿತು. ಕರಕರ, ಕರಕರ. ಹಾಸಿದ್ದ ನ್ಯೂಸ್ ಪೇಪರು ಚಿಂದಿಯಾಗಿ ಹಿಂದಕ್ಕೆ ಹಾರಿತು. ಸ್ವಲ್ಪ ನಿಂತು ನೋಡಿತು, ಮತ್ತೆ ಕೆದಕಿತು. ಮಾರನೆಯ ದಿನವೂ ಅದೇ. ಗಿಣಿ ಕೋಳಿಯ ಕೆಲಸ ಮಾಡುವುದನ್ನು ನಾವು ಯಾರೂ ಕಂಡಿರಲಿಲ್ಲ.

ಮಗ, "ಹೊಟ್ಟೇಲಿ ಹುಳ ಇರ್ಬೇಕು" ಎಂದು ಪಂಜರವನ್ನು ಸೈಕಲ್ಲಿಗೆ ಕಟ್ಟಿಕೊಂಡು ದನದ ಡಾಕ್ಟರ ಹತ್ತಿರ ಹೋದ. ಆ ಪುಣ್ಯಾತ್ಮ ಗಿಣಿಯನ್ನೇ ಬಹಳ ಹೊತ್ತು ನೋಡಿ, "ಮೆಲುಕು ಹಾಕುತ್ತಾ?" ಎಂದು ಕೇಳಿದನಂತೆ. ಎಮ್ಮೆಕರುವಿಗೆ ಕೊಡುವ ಪುಡಿಯಲ್ಲಿ ಒಂದು ಚಿಟಿಕೆ ಕಟ್ಟಿಕೊಟ್ಟ. ನಾನು ಅದನ್ನು ಕರಿಬೇವಿನ ಗಿಡಕ್ಕೆ ಹಾಕಿದೆ. ಗಿಡ ಚೆನ್ನಾಗಿ ಚಿಗುರಿತು. ಗಿಣಿ ಕೆದಕುತ್ತಲೇ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಪಕ್ಕದ ಮನೆಯ ಗೌಡರು ದಿನಾ ಸಂಜೆ ನಮ್ಮಲ್ಲಿಗೆ ಕಾಫಿಗೆ ಬರುತ್ತಿದ್ದರು. ನಮ್ಮ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ. ಲೇಔಟ್ ಆದಮೇಲೆ ಉಳಿದ ಸೈಟುಗಳಲ್ಲಿ ಬಾಡಿಗೆ ಮನೆ ಕಟ್ಟಿಸಿ, ಕೆಂಗೇರಿ ಕಡೆ ತೋಟ ಕೊಂಡು ಆರಾಮವಾಗಿದ್ದರು. ಆದರೆ ಹೊಲ ಹೋದರೂ ಹೊಲದ ಹುಚ್ಚು ಹೋಗಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೂ, "ಇಲ್ಲಿ ನಮ್ದು ಹುಣಸೇಮರ ಇತ್ತು ಕಣಕ್ಕಾ" ಎನ್ನುತ್ತಿದ್ದರು.

ಆ ಸಂಜೆ ಅವರ ಕಣ್ಣಿಗೆ ಗಿಣಿ ಕೆದಕುವುದು ಬಿತ್ತು. ಕಾಫಿ ಲೋಟ ಕೆಳಗಿಟ್ಟರು.

"ಯಜಮಾನ್ರೇ, ದಿನಾ ಇದೇ ಮೂಲೇಲೇ ಕೆದಕುತ್ತಾ?"

"ದಿನಾ ಇದೇ ಮೂಲೆ."

"ಈಶಾನ್ಯ ಮೂಲೆ" ಎಂದು ಗೌಡರು ದನಿ ತಗ್ಗಿಸಿದರು. "ನಮ್ಮಜ್ಜ ಹೊಲದಲ್ಲಿ ಒಂದು ಕೊಪ್ಪರಿಗೆ ಹೊನ್ನು ಹೂತಿಟ್ಟಿದ್ನಂತೆ. ಸಾಯೋ ಹೊತ್ಗೆ ಬಾಯಿ ಬಿದ್ದೋಗಿತ್ತು. ಕೈ ಮಾತ್ರ ಈ ಕಡೆ ತೋರಿಸ್ದ. ನಮ್ಮಪ್ಪ ಅಂಜನ ಹಾಕೋರನ್ನ ಕರೆಸ್ದ, ಸಿಕ್ಲಿಲ್ಲ. ಮನುಷ್ಯರ ಕಣ್ಣಿಗೆ ಕಾಣೋದಲ್ಲ ಅದು. ಪ್ರಾಣಿಪಕ್ಷಿಗೆ ಗೊತ್ತಾಗುತ್ತೆ."

"ಗೌಡ್ರೇ, ನಿಮ್ಮಜ್ಜ ನೀರು ಕೇಳಿರ್ಬೇಕು" ಎಂದೆ. "ಚೊಂಬು ಈ ಕಡೆ ಇತ್ತೇನೋ."

ಇಬ್ಬರಿಗೂ ನನ್ನ ಮಾತು ಕೇಳಿಸಲೇ ಇಲ್ಲ. ರಿಟೈರಾದ ಮೇಲೆ ನಮ್ಮ ಯಜಮಾನರು ದಿನವೆಲ್ಲ ಟ್ರಾನ್ಸಿಸ್ಟರ್ ಹಿಡಿದು ಸ್ಟೇಷನ್ ತಿರುಗಿಸುತ್ತಾ ಕೂರುತ್ತಿದ್ದರು. ಅಂಥವರ ತಲೆಗೆ ಕೊಪ್ಪರಿಗೆ ಬಿದ್ದರೆ ಏನಾಗಬೇಕೋ ಅದೇ ಆಯಿತು. ಕಣ್ಣು ಮಿಲ್ಲಿನ ಬಾಯ್ಲರಿನ ಹಾಗೆ ಉರಿಯತೊಡಗಿತು. ಗೌಡರು ಹೊಲ ತಮ್ಮದಾದ್ದರಿಂದ ಅರ್ಧ ಪಾಲು ತಮಗೆ ಎಂದರು. ಇವರು ನೆಲ ತಮ್ಮದು, ಗಿಣಿಯೂ ತಮ್ಮದು ಎಂದರು. ಸಿಗದ ಹೊನ್ನಿಗೆ ಪಂಚಾಯ್ತಿ ಮುಗಿಯಲು ಎರಡು ಸಲ ಕಾಫಿ ಬೇಕಾಯಿತು.

ಮಗ ಫ್ಯಾಕ್ಟರಿಗೆ, ಮೊಮ್ಮಗಳು ಸ್ಕೂಲಿಗೆ ಹೋದ ಹೊತ್ತು ನೋಡಿ, ನಿಂಬೆಹಣ್ಣು ಕತ್ತರಿಸಿ, ಅರಿಶಿನ ಕುಂಕುಮ ಚೆಲ್ಲಿ, ಪಂಜರವಿದ್ದ ಹಾಲಿನ ಈಶಾನ್ಯ ಮೂಲೆಗೆ ಹಾರೆ ಹಾಕಿಯೇಬಿಟ್ಟರು. ಅದು ಕೆಂಪು ಗಾರೆಯ ನೆಲ. ತೆಂಗಿನ ಚಿಪ್ಪಿನಲ್ಲಿ ಉಜ್ಜಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಮುಖ ಕಾಣುವಷ್ಟು ಮಿರುಗುವಂತೆ ಮಾಡಿದ್ದೆ. ಹಾರೆಯ ಏಟು ಬಿದ್ದಾಗ ಅದು ಬಿರಿದ ಸದ್ದು ನನ್ನ ಹಲ್ಲಿಗೆ ತಾಗಿತು. ಸೊಸೆ ನನ್ನ ತೋಳು ಹಿಡಿದುಕೊಂಡು, "ಅತ್ತೆ, ಹೇಳಿ ಅತ್ತೆ" ಎಂದಳು. ಹೇಳಿದೆ. ಅವರಿಬ್ಬರ ಕಿವಿಯೂ ಭೂಮಿಯೊಳಗಿತ್ತು.

ಮೊಳಕಾಲುದ್ದ ತೋಡಿದಮೇಲೆ ಹಾರೆ 'ಠಣ್' ಎಂದಿತು. ಗೌಡರು, "ಕೊಪ್ಪರಿಗೆ!" ಎಂದು ಕೂಗಿ ಗುಂಡಿಗೆ ಕೈ ಹಾಕಿದರು. ಮೇಲೆ ಬಂದದ್ದು ಮನೆ ಕಟ್ಟುವಾಗ ಗಾರೆಯವರು ಸಿಮೆಂಟ್ ಹೊರುತ್ತಿದ್ದ ಬಾಂಡ್ಲಿಯ ತುಕ್ಕು ಹಿಡಿದ ಚೂರು. ಅದರ ಕೆಳಗೆ ಅರ್ಧ ಇಟ್ಟಿಗೆ. ಅದರ ಕೆಳಗೆ ಮಣ್ಣು. ಅದರ ಕೆಳಗೂ ಮಣ್ಣು.

ಸಂಜೆ ಮಗ ಬಂದವನು ಬಾಗಿಲಲ್ಲೇ ನಿಂತ. "ಏನಪ್ಪಾ ಇದು, ಹಾಲಲ್ಲಿ ಬಾವಿ ತೆಗೀತಾ ಇದೀರಾ?"

ಸುದ್ದಿ ಬೀದಿಗೆ ಬೀಳಲು ಎಷ್ಟು ಹೊತ್ತು? ಸಕ್ಕರೆ ಕೇಳುವ ನೆಪದಲ್ಲಿ ಒಬ್ಬರು, ಟೈಮು ಕೇಳುವ ನೆಪದಲ್ಲಿ ಒಬ್ಬರು ಬಂದು ಗುಂಡಿ ನೋಡಿಕೊಂಡು ಹೋದರು. ಯಜಮಾನರಿಗೆ ಮುಖ ಮರೆಸಿಕೊಳ್ಳಲು ಜಾಗವಿಲ್ಲದಂತಾಯಿತು. ಗೌಡರನ್ನು ಬಯ್ಯುವಂತಿಲ್ಲ, ತಮ್ಮನ್ನು ತಾವು ಬಯ್ದುಕೊಂಡು ಅಭ್ಯಾಸವಿಲ್ಲ. ಸಿಕ್ಕಿದ್ದು ಗಿಣಿ.

"ಮನೆಯೊಳಗೆ ಗುಂಡಿ ತೋಡೋ ಪಕ್ಷಿ ಒಳ್ಳೇದಲ್ಲ. ಯಾರಿಗೆ ಗುಂಡಿ ತೋಡ್ತಾ ಇದೆಯೋ ಏನೋ. ಇದು ಈ ಮನೇಲಿ ಬೇಡ" ಎಂದುಬಿಟ್ಟರು.

ಗೌಡರು ಕಾದಿದ್ದವರಂತೆ, "ಹಂಗಾದ್ರೆ ನಂಗೆ ಕೊಡಿ. ತೋಟದಲ್ಲಿ ಇಟ್ಕೋತೀನಿ. ಭಾನುವಾರ ಸಂಜೆ ಬರ್ತೀನಿ" ಎಂದರು. ಇವರು ಸರಿ ಎಂದರು. ನಮ್ಮ ಯಜಮಾನರು ಒಮ್ಮೆ ಮಾತು ಕೊಟ್ಟರೆ ಅದು ಸರ್ಕಾರದ ಆರ್ಡರ್ ಇದ್ದಂತೆ. ತಪ್ಪೆಂದು ಗೊತ್ತಾದಮೇಲೂ ನಡೆಯುತ್ತಲೇ ಇರುತ್ತದೆ.

ಮೊಮ್ಮಗಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ತಾತನ ಎದುರು ಬಂದು ನಿಂತಳು.

"ಅದು ಹೋದ್ರೆ ನಾನೂ ಹೋಗ್ತೀನಿ ತಾತ."

"ಎಲ್ಲಿಗಮ್ಮಾ ತಾಯಿ?"

"ಆಫ್ರಿಕಾಗೆ. ಮಾವನ ಮನೆಗೆ."

"ಯಾವ ನಂಬರ್ ಬಸ್ಸು?"

"ಮೆಜೆಸ್ಟಿಕ್‌ಗೆ ಹೋಗಿ ಕೇಳ್ತೀನಿ. ನೀವೇನೂ ಬಂದು ಹತ್ತಿಸಬೇಕಾಗಿಲ್ಲ."

ಆಮೇಲೆ ತಾತನ ಜೊತೆ ಮಾತು ಬಿಟ್ಟಳು. ಸ್ಕೂಲಿನಿಂದ ಬಂದವಳು ಆಟಕ್ಕೆ ಹೋಗುತ್ತಿರಲಿಲ್ಲ. ಪಂಜರದ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಕೆದಕಬೇಡ ಕಣೋ. ನಿನ್ನ ಕಳಿಸಿಬಿಡ್ತಾರೆ ಕಣೋ. ನಾನು ಹೇಳೋದು ಕೇಳೋ" ಎಂದು ಮೆಲ್ಲಗೆ ಬುದ್ಧಿ ಹೇಳುತ್ತಿದ್ದಳು. ಅದು ತಲೆ ಓರೆ ಮಾಡಿ ಎಲ್ಲ ಕೇಳಿಸಿಕೊಂಡು, ಇಳಿದು ಹೋಗಿ ಕೆದಕುತ್ತಿತ್ತು. ಒಲೆಯ ಮುಂದೆ ನಿಂತು ಅದನ್ನು ಕೇಳುತ್ತಿದ್ದ ನನಗೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಇಲ್ಲ ಎಂದು ಊಟದಲ್ಲಿ ಗೊತ್ತಾಗುತ್ತಿತ್ತು.

ಈ ಮಗುವಿನ ಕೈಯಿಂದ ಗಿಣಿ ಹೋಗಬಾರದು ಎಂದು ನಾನು ಮನಸ್ಸಿನಲ್ಲೇ ಟೊಂಕ ಕಟ್ಟಿದೆ. ಆದರೆ ನನಗೇನು ಗೊತ್ತು? ಗಿಣಿ ಗೊತ್ತಿಲ್ಲ. ಕೋಳಿ ಗೊತ್ತು, ಎಮ್ಮೆ ಗೊತ್ತು, ಮಕ್ಕಳು ಗೊತ್ತು, ನನ್ನ ಗಂಡ ಗೊತ್ತು. ಇಷ್ಟರಲ್ಲೇ ಏನಾದರೂ ಹೊಂದಿಸಬೇಕು. ಕೆಲಸದ ನಡುನಡುವೆ ಅದನ್ನು ಗಮನಿಸುತ್ತಾ ಬಂದೆ. ಹೊಟ್ಟೆ ತುಂಬಾ ತಿನ್ನುತ್ತಿತ್ತು, ಪುಕ್ಕ ಹೊಳೆಯುತ್ತಿತ್ತು, ಹಿಕ್ಕೆ ಸರಿಯಾಗಿ ಹಾಕುತ್ತಿತ್ತು. ಕಾಯಿಲೆಯ ಕೋಳಿ ಹೀಗಿರುವುದಿಲ್ಲ, ರೆಕ್ಕೆ ಇಳಿಬಿಟ್ಟು ತೂಕಡಿಸುತ್ತದೆ. ಪಂಜರವನ್ನು ಅಡುಗೆಮನೆಗೆ ತಂದಿಟ್ಟೆ, ಅಲ್ಲೂ ಕೆದಕಿತು. ಮಂಚದ ಮೇಲಿಟ್ಟೆ, ಕೆದಕಿತು. ಉಸ್ಸೆಂದು ತಾರಸಿಗೆ ಹೊತ್ತುಕೊಂಡು ಹೋದೆ, ಅಲ್ಲೂ ಕೆದಕಿತು.

"ನೋಡ್ರೀ, ತಾರಸಿ ಮೇಲೂ ಕೆದಕುತ್ತೆ. ಗೌಡ್ರಜ್ಜ ಗಾಳೀಲೂ ಹೂತಿಟ್ಟಿದ್ನಾ?" ಎಂದು ಕೇಳಿದೆ.

"ಮೇಲಿಂದ್ಲೇ ವಾಸನೆ ಹಿಡೀತಿರ್ಬೋದು" ಎಂದರು. ಆಮೇಲೆ ಪೇಪರಿನ ಹಿಂದಕ್ಕೆ ಹೋಗಿ, "ಹೋಗ್ಲಿ ಬಿಡೇ, ಮಾತು ಕೊಟ್ಟಾಗಿದೆ" ಎಂದರು.

ಇನ್ನೊಂದನ್ನೂ ಕಂಡೆ. ಮಗು ಸ್ಕೂಲಿಗೆ ಹೋದ ತಕ್ಷಣ ಅದು ಇಳಿದು ಕೆದಕುತ್ತಿತ್ತು. ಆಡಿಸಿ ಒಳಗೆ ಬಿಟ್ಟು ಬಾಗಿಲು ಹಾಕಿದಾಗ ಕೆದಕುತ್ತಿತ್ತು. ನಾವೆಲ್ಲ ಎದುರಿಗೆ ಕುಳಿತು ಉಣ್ಣುವಾಗಲಂತೂ ಜೋರಾಗಿ. ನಡುವೆ ನಿಲ್ಲಿಸಿ, ಯಾರಾದರೂ ನೋಡುತ್ತಿದ್ದಾರಾ ಎಂದು ಹೆಗಲ ಮೇಲಿಂದ ಓರೆಗಣ್ಣು ಬಿಡುತ್ತಿತ್ತು. ನಾನು ನೋಡಿದರೆ ಇನ್ನೂ ಜೋರು. ಈ ಓರೆಗಣ್ಣನ್ನು ನಾನು ಎಲ್ಲೋ ಕಂಡಿದ್ದೇನೆ ಅನ್ನಿಸಿತು. ನನ್ನ ಮಗನೇ ಸಣ್ಣವನಿದ್ದಾಗ, ತೊಟ್ಟಿಲಿನಿಂದ ಎತ್ತಿಕೊಳ್ಳದಿದ್ದರೆ, ಹೀಗೇ ಕಾಲು ಬಡಿದು ಹೀಗೇ ನೋಡುತ್ತಿದ್ದ.

ಭಾನುವಾರ ಬಂತು. ಬೆಳಿಗ್ಗೆಯೇ ಒಳಗಿನ ಗುಂಡಿ ಮುಚ್ಚಿ ಗಾರೆ ಹಾಕಲು ಗೇಟಿನ ಮುಂದೆ ಮರಳು ಬಂದು ಬಿತ್ತು. ಲೇಔಟಿನಲ್ಲಿ ಮರಳು ಬಿದ್ದರೆ ಬೀದಿಯ ಮಕ್ಕಳಿಗೆಲ್ಲ ಯಾರೂ ಹೇಳಬೇಕಾಗಿಲ್ಲ. ಕಾಫಿ ಕುಡಿದು ಬರುವಷ್ಟರಲ್ಲಿ ಅದರ ಮೇಲೆ ಗುಬ್ಬಿಗೂಡು, ಸುರಂಗ, ಬಾವಿ ಎಲ್ಲ ಆಗಿತ್ತು. ನಾನೂ ಸೊಸೆಯೂ ಮೆಟ್ಟಿಲ ಮೇಲೆ ಕುಳಿತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆವು. ಮೊಮ್ಮಗಳು ಕೊನೆಯ ದಿನವೆಂದು ಗಿಣಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಗೆ ಬಂದಳು. ಕಣ್ಣು ಊದಿತ್ತು. ರಾತ್ರಿ ಅತ್ತಿರಬೇಕು, ಯಾರಿಗೂ ತೋರಿಸಿರಲಿಲ್ಲ.

ಗಿಣಿ ಮರಳು ನೋಡಿತು. ಅವಳ ತೋಳಿನ ಮೇಲೆ ಜಾರಿ ಇಳಿಯಿತು. ಒಂದು ಸಲ ಕಾಲಿಟ್ಟು ನೋಡಿತು, ಆಮೇಲೆ ಶುರುವಾಯಿತು ನೋಡಿ! ಎರಡೂ ಕಾಲಲ್ಲಿ ಬರಬರ ತೋಡಿ ಹಿಂದಕ್ಕೆ ಎಸೆಯಿತು. ಮರಳು ಮಗುವಿನ ಲಂಗದ ಮೇಲೆ ಬಿತ್ತು. ಅವಳೂ ಒಂದು ಹಿಡಿ ಅದರ ಕಡೆ ತೂರಿದಳು. ಅದು ಒಂದು ಕಲ್ಲು ಹಿಡಿದುಕೊಂಡು ಬೆನ್ನ ಮೇಲೆ ಉರುಳಿ, ನಾಲ್ಕು ತಿಂಗಳ ಕೂಸಿನ ಹಾಗೆ ಕಾಲು ಆಡಿಸಿತು. ಎದ್ದು ಇನ್ನೊಂದು ಕಡೆ ತೋಡಿತು. ಕುಯ್ ಕುಯ್ ಎಂದು ಯಾವತ್ತೂ ಕೇಳಿರದ ಒಂದು ಸದ್ದು ಮಾಡಿತು. ಪಕ್ಕದಲ್ಲೇ ಇನ್ನೊಬ್ಬರ ಮನೆಯ ಕೂಸು ಸುರಂಗ ತೋಡುತ್ತಿತ್ತು. ಎರಡಕ್ಕೂ ಒಂದೇ ಅವಸರ, ಒಂದೇ ಸಂಭ್ರಮ.

ನನ್ನ ಕೈಯಲ್ಲಿದ್ದ ಅವರೆಕಾಳು ಪುಳಕ್ಕೆಂದು ಸೊಸೆಯ ಮೂಗಿಗೆ ಹಾರಿತು. "ರೀ! ಬನ್ರೀ ಇಲ್ಲಿ!" ಎಂದು ಕೂಗಿದೆ. ಯಜಮಾನರು ಪೇಪರು ಹಿಡಿದೇ ಬಂದರು.

"ನೋಡಿ. ಮರಿ ಅದು, ಆಟ ಆಡ್ತಾ ಇದೆ. ಕೋಳಿಮರಿ ಮೊಟ್ಟೆಯಿಂದ ಬಂದ ದಿನವೇ ಕೆದಕುತ್ತೆ, ಅದಕ್ಕೆ ಯಾರು ಹೇಳ್ಕೊಟ್ರು? ಇದರ ಜಾತೀನೂ ಹಂಗೇ ಇರ್ಬೇಕು. ಪಂಜರದಲ್ಲಿ ಬೇಜಾರಾದ್ರೆ ಕೆದಕುತ್ತೆ, ನಮ್ಮನ್ನ ಕರೆಯೋಕೆ ಕೆದಕುತ್ತೆ, ಸುಮ್ನೆ ಖುಷಿಗೂ ಕೆದಕುತ್ತೆ. ಇಷ್ಟು ಮಕ್ಕಳು ಮರಳು ತೋಡ್ತಾ ಇವೆಯಲ್ಲ, ಯಾರಾದ್ರೂ ನಿಧಿ ಇದೆ ಅಂತ ಹಾರೆ ತಂದ್ರಾ? ಯಾರಾದ್ರೂ ಸಾಯ್ತಾರೆ ಅಂತ ಅಂದ್ರಾ?"

ಅವರು ಕನ್ನಡಕ ಮೇಲೇರಿಸಿ ನೋಡಿದರು. ಮೊಮ್ಮಗಳು ತಲೆ ಎತ್ತಲಿಲ್ಲ. ಯಜಮಾನರು ಪೇಪರು ಮಡಿಸಿಕೊಂಡು ಒಳಗೆ ಹೋದರು. ಕೊಟ್ಟ ಮಾತು ಎಂಬ ಆ ಹಾಳಾದ್ದು ಅವರನ್ನು ಇನ್ನೂ ಬಿಟ್ಟಿರಲಿಲ್ಲ.

ಸಂಜೆ ಗೌಡರು ಬಂದರು, ಕೈಯಲ್ಲಿ ಒಂದು ಉಂಡೆ ಹುರಿದಾರ.

"ದಾರ ಯಾಕೆ ಗೌಡ್ರೇ?" ಎಂದರು ಯಜಮಾನರು.

"ಕಾಲಿಗೆ ಕಟ್ಟಿ ತೋಟದ ತುಂಬಾ ನಡೆಸ್ಕೊಂಡು ಹೋಗೋದು. ಹಳೇ ತೋಟ, ಅಲ್ಲೂ ಯಾರಾದ್ರೂ ಹೊನ್ನು ಹೂತಿಟ್ಟಿರ್ತಾರೆ. ಎಲ್ಲಿ ಕೆದಕುತ್ತೋ ಅಲ್ಲಿ ಗೂಟ ಹೊಡೆಯೋದು. ನಿಮ್ಮನೇಲಿ ಹೊಟ್ಟೆ ತುಂಬಾ ಹಾಕಿ ಕೆಡಿಸಿದ್ರಿ. ಉಪವಾಸ ಇಟ್ರೇನೇ ಅದಕ್ಕೆ ನಿಜ ಕಾಣೋದಂತೆ."

ಮೊಮ್ಮಗಳು ಗಿಣಿಯನ್ನು ಎದೆಗೆ ಅವುಚಿಕೊಂಡು ನನ್ನ ಸೆರಗಿನ ಹಿಂದೆ ಬಂದಳು. ಯಜಮಾನರು ದಾರ ನೋಡಿದರು, ಮಗುವನ್ನು ನೋಡಿದರು.

"ಉಪವಾಸನಾ?" ಎಂದರು. "ಬನ್ನಿ ಇಲ್ಲಿ. ಮೊದಲು ಇದು ನೋಡಿ." ಮಗುವಿನ ಕಡೆ ತಿರುಗಿ, ಅಷ್ಟು ದಿನದಲ್ಲಿ ಮೊದಲ ಸಲ ಮೆತ್ತಗೆ, "ಬಿಡಮ್ಮಾ ಅದನ್ನ ಮರಳಿಗೆ. ಹೆದರಬೇಡ, ತಾತ ಇದೀನಿ" ಎಂದರು.

ಗಿಣಿ ಇಲ್ಲಿ ತೋಡಿತು, ಅಲ್ಲಿ ತೋಡಿತು, ಎಲ್ಲಾ ಕಡೆ ತೋಡಿತು.

"ಎಲ್ಲಿ ಹೊಡೀತೀರಾ ಗೂಟ? ಈ ಮರಳು ಹೊಳೆಯಿಂದ ಬಂದಿದ್ದು. ನಿಮ್ಮಜ್ಜ ಹೊಳೇಲೂ ಹೂತಿಟ್ಟಿದ್ನಾ? ನಮ್ಮ ತಾರಸಿ ಮೇಲೂ ಹೂತಿಟ್ಟಿದ್ನಾ?"

ಅದು ನನ್ನ ಮಾತು. ಇರಲಿ, ಅವತ್ತಿನ ಮಟ್ಟಿಗೆ ಅವರಿಗೇ ಬಿಟ್ಟುಕೊಟ್ಟೆ.

"ಮಾತು ಕೊಟ್ಟಿದ್ರಿ ಯಜಮಾನ್ರೇ" ಎಂದರು ಗೌಡರು.

"ಕೊಟ್ಟಿದ್ದೆ. ವಾಪಸ್ ತಗೊಂಡೆ. ಇದು ನಮ್ಮನೆ ಮಗು ಆಟದ ಜೊತೆಗಾರ. ಕಾಲಿಗೆ ದಾರ ಕಟ್ಟೋಕೆ, ಉಪವಾಸ ಇಡೋಕೆ ಕೊಡಲ್ಲ. ಬೇಜಾರಾದ್ರೆ ನಾಳೆಯಿಂದ ನಮ್ಮನೆ ಕಾಫಿ ಬಿಟ್ಬಿಡಿ."

ಗೌಡರು ಯೋಚಿಸಿದರು. ನನ್ನ ಕಾಫಿ ಸಾಮಾನ್ಯದ್ದಲ್ಲ. "ಕಾಫಿ ವಿಷಯ ಬೇರೆ, ಗಿಣಿ ವಿಷಯ ಬೇರೆ" ಎಂದು ಬಗ್ಗಿ ನೋಡಿದರು. ಅದು 'ಗುರ್ರ್' ಎಂದಿತು. ಅಪರಿಚಿತ ಮೀಸೆ ಕಂಡರೆ ಕೂಸು ಅಳುವುದಿಲ್ಲವೇ, ಇದು ಗುರುಗುಟ್ಟುತ್ತದೆ, ಅಷ್ಟೇ. "ಕೋಳಿ ಬುದ್ಧಿ, ನಾಯಿ ಗಂಟ್ಲು. ನಂಗ್ಯಾಕಪ್ಪಾ ಇದು" ಎಂದು ದಾರ ಸುತ್ತಿಕೊಂಡು ಹೊರಟರು. ಮೊಮ್ಮಗಳು ಕಿರುಚಿಕೊಂಡು ತಾತನ ಸೊಂಟಕ್ಕೆ ನೇತುಬಿದ್ದಳು. ಅವರ ಕನ್ನಡಕ ಮರಳಿಗೆ ಬಿತ್ತು. ಗಿಣಿ ಅದನ್ನೂ ತೋಡತೊಡಗಿತು. ನಾನು ಬೀದಿಗೆ ಓಡಿದೆ.

ನಾನು ಮನೆಮನೆಗೆ ಹೇಳಿ ಬರುವಷ್ಟರಲ್ಲಿ ಮಗ ಒಂದು ಹಳೇ ತಟ್ಟೆಗೆ ಮರಳು ತುಂಬಿ ಪಂಜರದ ತಳಕ್ಕಿಟ್ಟಿದ್ದ. ಸೊಸೆ ಮುದ್ದೆ ಕಟ್ಟುತ್ತಿದ್ದಳು. ಹಿತಕಿದ ಬೇಳೆ ಸಾರಿನ ಘಮ ಗೇಟಿನ ತನಕ ಬಂದಿತ್ತು. ನಮ್ಮಲ್ಲಿ ಗಂಡಸರು ಉಂಡಮೇಲೆ ನಾವು ಹೆಂಗಸರು ಕೂರುವುದು. ಅವತ್ತು ಯಜಮಾನರೇ, "ಎಲ್ರೂ ಒಟ್ಟಿಗೇ ಕೂತ್ಕೊಳ್ಳಿ, ಬಡಿಸ್ಕೊಂಡು ತಿಂದ್ರಾಯ್ತು" ಎಂದರು. ಗುಂಡಿಯಿಂದಾಗಿ ಹಾಲಿನಲ್ಲಿ ಜಾಗವಿರಲಿಲ್ಲ, ಅಡುಗೆಮನೆಯಲ್ಲೇ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಐದೂ ಜನ ಕುಳಿತೆವು. ಗಿಣಿ ಮೊಮ್ಮಗಳ ತೊಡೆಯ ಮೇಲಿತ್ತು. ತಾತ ತಮ್ಮ ಮುದ್ದೆಯಿಂದ ಒಂದು ಚೂರು ಮುರಿದು, ಆರಿಸಿ, ಬೆರಳು ಕಳೆದುಕೊಳ್ಳುವ ಹೆದರಿಕೆಯಲ್ಲಿ ದೂರದಿಂದಲೇ ಚಾಚಿದರು. ಅದು ಕಾಲಲ್ಲಿ ತೆಗೆದುಕೊಂಡು ತಿಂದಿತು. ಮೊಮ್ಮಗಳು ತಾತನಿಗೆ ಇನ್ನೊಂದು ಮುದ್ದೆ ಹಾಕೆಂದು ಅಮ್ಮನಿಗೆ ಹೇಳಿದಳು. ಸೊಸೆ ನನ್ನ ತಟ್ಟೆಗೂ ಒಂದು ಸೌಟು ಸಾರು ಬಿಟ್ಟಳು. ನಾನು ಬೇಡ ಎನ್ನಲಿಲ್ಲ. ಉಪ್ಪು ಸರಿಯಾಗಿತ್ತು.